ರೇಸಿನವರಿಗೆ ಅಷ್ಟೊಂದು ಕಾವಲು, ಪ್ರಯಾಣಿಕರಿಗೆ ಲೈಫ್ ಜಾಕೆಟ್ ಇಲ್ಲ

ಮಾನ್ಯ ಸಂಪಾದಕರೇ,

ಕೃಷ್ಣಾ ನದಿಯ ಪವರ್‌ಬೋಟ್ ರೇಸ್ ಬಗ್ಗೆ ಇವತ್ತು ನೀವು ಹಾಕಿದ ವರದಿ, ಫೋಟೋ ಎರಡೂ ನೋಡಿದೆ. ನೀರು ಚಿಮ್ಮಿಸುವ ದೋಣಿ, ದಡದ ತುಂಬಾ ಜನ. ಬ್ಯಾರಿಕೇಡ್ ಆಚೆ ನಿಂತಿದ್ದ ನಮ್ಮಂಥವರ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ನಾನು ರಾಯಚೂರಿನವಳು. ಕೆಲಸದ ಮೇಲೆ ವಿಜಯವಾಡಕ್ಕೆ ಬಂದು ಭವಾನಿಪುರಂನಲ್ಲಿ ಮನೆ ಮಾಡಿದ್ದೇನೆ. ರೇಸ್ ನಡೆದ ಪುನ್ನಮಿ ಘಾಟ್ ನಮ್ಮ ಮನೆಗೆ ನಡೆದು ಹೋಗುವಷ್ಟು ಹತ್ತಿರ. 2018ರ ನವೆಂಬರ್ 16, ಶುಕ್ರವಾರದಿಂದ ನಿನ್ನೆ ಭಾನುವಾರದವರೆಗೆ ಇಲ್ಲಿನವರು ಪಟ್ಟ ಪಾಡನ್ನು ಯಾರಾದರೂ ಬರೆಯಲೇಬೇಕು.

ಇದು ಕಾರ್ತಿಕ ಮಾಸ ಅಂತ ರೇಸಿನ ತಾರೀಕು ಒಪ್ಪಿಕೊಂಡವರಿಗೆ ಗೊತ್ತಿರಲಿಲ್ವಾ? ಅಮ್ಮನಿಗೆ ಮಂಡಿ ನೋವು. ಆದರೂ ಬೆಳಗಿನ ಜಾವ ಕೃಷ್ಣೆಯಲ್ಲಿ ಮುಳುಗೆದ್ದು ದೀಪ ಬಿಟ್ಟು ಬಂದರೇ ಅವರಿಗೆ ಸಮಾಧಾನ. ನಿನ್ನೆ ಕರೆದುಕೊಂಡು ಹೋದರೆ ಘಾಟಿಗೆ ಬಿಡಲಿಲ್ಲ. ಆ ಕಡೆಯಿಂದ ಹೋಗಿ ಎಂದರು. ಆ ಕಡೆ ಹೋದರೆ ಪಾಸ್ ಕೇಳಿದರು. ನದಿಯಲ್ಲಿ ಸ್ನಾನ ಮಾಡಲು ಪಾಸ್ ಎಲ್ಲಿಂದ ತರೋದು? ಅಮ್ಮ ಬತ್ತಿ, ಎಣ್ಣೆ ಹಿಡಿದುಕೊಂಡೇ ವಾಪಸ್ ಬಂದರು. ಅದೇ ದಿನ ಹೈದರಾಬಾದ್ ಕಡೆಯಿಂದ ಬಂದ ನನ್ನ ತಮ್ಮ ಟ್ರಾಫಿಕ್‌ನಲ್ಲಿ ನಿಂತ ಬಸ್ಸಿನಲ್ಲಿ ಕೂತು ಸಾಕಾಗಿ ಗೊಲ್ಲಪೂಡಿಯಲ್ಲೇ ಇಳಿದು, ಬ್ಯಾಗ್ ಹೊತ್ತುಕೊಂಡು ನಡೆದು ಬಂದ. ಆಟೋದವರು ನಮ್ಮ ಏರಿಯಾ ಹೆಸರು ಹೇಳಿದರೆ ಸಾಕು, ಬರಲ್ಲ ಎನ್ನುತ್ತಿದ್ದರು. ಬರುತ್ತೇನೆ ಎಂದವರು ಎರಡು ಪಟ್ಟು ಕೇಳಿದರು. ಮಗಳ ಟ್ಯೂಷನ್ ತಪ್ಪಿತು.

ಇನ್ನು ಸದ್ದು. ಈ ದೋಣಿಗಳಲ್ಲಿ ಇರುವುದು 2.5 ಲೀಟರಿನ ವಿ6 ಟೂ ಸ್ಟ್ರೋಕ್ ಎಂಜಿನ್. ಸುಮಾರು 400 ಹಾರ್ಸ್‌ಪವರ್. ಗಂಟೆಗೆ 200 ಕಿಲೋಮೀಟರ್ ಮೀರಿ ಹೋಗುತ್ತವೆ. ರೇಸ್ ಒಂದೇ ಅಲ್ಲ, ಅದಕ್ಕೆ ಮೊದಲು ಪ್ರಾಕ್ಟೀಸ್, ಯಾರು ಮುಂದೆ ನಿಂತು ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್ ಬೇರೆ. ಮನೆಯೊಳಗೆ ಬಾಗಿಲು ಹಾಕಿ ಕೂತರೂ ಕಿವಿಯಲ್ಲಿ ದುಂಬಿ ಹೊಕ್ಕ ಹಾಗೆ ಆ ಸದ್ದು. ಅವು ಕುಡಿಯುವ ಇಂಧನವೋ, ಗಂಟೆಗೆ ಸುಮಾರು 120 ಲೀಟರ್. ಈ ಊರಿನವರು ಕುಡಿಯುವ ನೀರೂ ಇದೇ ನದಿಯದ್ದು.

ಆಟದ ಮೇಲೆ ನನಗೆ ಸಿಟ್ಟಿಲ್ಲ. 2004ರಲ್ಲಿ ಮುಂಬೈಯಲ್ಲಿ ನಡೆದ ಮೇಲೆ ಎಫ್‌1ಎಚ್‌2ಒ ಅನ್ನೋ ಈ ಪವರ್‌ಬೋಟ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಭಾರತಕ್ಕೆ ಮತ್ತೆ ಬಂದದ್ದು ಈಗಲೇ. ಈ ಸೀಸನ್ನಿನಲ್ಲಿ ಪೋರ್ಚುಗಲ್, ಲಂಡನ್, ಫ್ರಾನ್ಸ್, ಚೀನಾ ಸುತ್ತಿ ಇಲ್ಲಿಗೆ ಬಂದವರು ಇನ್ನು ಅಬುಧಾಬಿ, ಶಾರ್ಜಾಕ್ಕೆ ಹೋಗುತ್ತಾರೆ. ಓಡಿಸುವವರ ಧೈರ್ಯ ದೊಡ್ಡದು. ಸುಮಾರು 6 ಮೀಟರ್ ಉದ್ದದ ಹಗುರ ದೋಣಿ, ಬ್ರೇಕ್ ಇಲ್ಲ, ಗೇರ್ ಇಲ್ಲ. ದೋಣಿಯ ಅಡಿಗೆ ಗಾಳಿ ಹೊಕ್ಕರೆ ಎತ್ತಿ ಮಗುಚಿಬಿಡುತ್ತದೆ. ಅದಕ್ಕೇ ಅವರಿಗೆ ಗಟ್ಟಿ ಕಾಕ್‌ಪಿಟ್, ಹೆಲ್ಮೆಟ್, ಲೈಫ್ ಜಾಕೆಟ್ ಎಲ್ಲ ಇದೆ. ತಲೆಕೆಳಗಾದ ಕಾಕ್‌ಪಿಟ್‌ನಿಂದ ನೀರೊಳಗೇ ಬಿಡಿಸಿಕೊಂಡು ಹೊರಗೆ ಬರುವ ಪರೀಕ್ಷೆ ಪಾಸಾಗಬೇಕು. ನೀರಿನಲ್ಲಿ ರಕ್ಷಣಾ ದೋಣಿಗಳು, ಅದರಲ್ಲಿ ಡೈವರ್‌ಗಳು ಕಾಯುತ್ತಿರುತ್ತಾರೆ. ಇದೆಲ್ಲ ಬೇಕು. ಯಾರೂ ಬೇಡ ಅನ್ನಲ್ಲ.

ಆದರೆ ಇದೇ ಕೃಷ್ಣೆ, ಇಲ್ಲಿಂದ ಸ್ವಲ್ಪ ಮೇಲೆ, ಗೋದಾವರಿ ನೀರು ಬಂದು ಸೇರುವ ಪವಿತ್ರ ಸಂಗಮ. ಕಳೆದ ವರ್ಷ, 2017ರ ನವೆಂಬರ್ 12, ಅದೂ ಕಾರ್ತಿಕ ಮಾಸದ ಒಂದು ಭಾನುವಾರ. ಭವಾನಿ ದ್ವೀಪದ ಕಡೆಯಿಂದ ಹೊರಟ ಖಾಸಗಿ ದೋಣಿ ಮಗುಚಿ ಸುಮಾರು 20 ಜನ ಸತ್ತರು. ಹೆಚ್ಚಿನವರು ಒಂಗೋಲಿನಿಂದ ಬಂದವರು. ಸಂಗಮದ ಆರತಿ ನೋಡಲು ಹೊರಟಿದ್ದವರು. ದೋಣಿಗೆ ಪರ್ಮಿಷನ್ ಇರಲಿಲ್ಲ. ಹಿಡಿಸುವುದಕ್ಕಿಂತ ಜಾಸ್ತಿ ಜನರನ್ನು ಹತ್ತಿಸಿದ್ದರು. ಬಹಳ ಜನರಿಗೆ ಲೈಫ್ ಜಾಕೆಟ್ಟೇ ಇರಲಿಲ್ಲ. ಆ ದಿನ ಈ ಡೈವರ್‌ಗಳು ಎಲ್ಲಿದ್ದರು? ಈ ರಕ್ಷಣಾ ದೋಣಿಗಳು ಎಲ್ಲಿದ್ದವು? ಮೊನ್ನೆ ಮೇ ತಿಂಗಳಲ್ಲಿ ಗೋದಾವರಿಯಲ್ಲಿ ಲಾಂಚ್ ಮುಳುಗಿ ಮತ್ತೆ ಜನ ಸತ್ತರು. ವಿದೇಶದಿಂದ ಬಂದವರ ಜೀವ ಕಾಯಲು ಸಾಧ್ಯ ಅಂತ ಮೂರು ದಿನ ತೋರಿಸಿಕೊಟ್ಟಿದ್ದಾರೆ. ಹಾಗಾದರೆ ಟಿಕೆಟ್ ಕೊಟ್ಟು ದೋಣಿ ಹತ್ತುವ ಬಡವರ ಜೀವ ಯಾಕೆ ಕಾಯಲಿಲ್ಲ? ಆಗದೆ ಇರುವ ಕೆಲಸ ಅಲ್ಲ ಇದು, ಮಾಡದೆ ಬಿಟ್ಟ ಕೆಲಸ. ಆ ದುರಂತಕ್ಕೆ ವರ್ಷ ತುಂಬಿದ ವಾರವೇ ಅದೇ ನದಿಯಲ್ಲಿ ಹಬ್ಬ ಮಾಡಿದ್ದಾರೆ.

ಈ ಅಧಿಕಾರಿಗಳ ಕೆಲಸ ಎಂಥದ್ದು ಅಂತ ಇಲ್ಲಿನ ಕನಕದುರ್ಗಾ ಫ್ಲೈಓವರ್ ನೋಡಿದರೆ ಸಾಕು. 12 ವರ್ಷಕ್ಕೊಮ್ಮೆ ಬರುವ ನದಿ ಹಬ್ಬ, 2016ರ ಆಗಸ್ಟಿನ ಕೃಷ್ಣಾ ಪುಷ್ಕರಕ್ಕೆ ಮುಗಿಯಬೇಕಿತ್ತು. 2018 ಮುಗಿಯುತ್ತಾ ಬಂತು, ಕಂಬಗಳು ಇನ್ನೂ ಹಾಗೇ ನಿಂತಿವೆ. ಕುಮ್ಮರಿಪಾಲೆಂ ದಾಟುವಾಗ ದಿನಾ ಧೂಳು, ದಿನಾ ಡೈವರ್ಷನ್. ಕೇಳಿದರೆ ಇನ್ನೇನು ಮುಗೀತು ಎನ್ನುತ್ತಾರೆ. ರೇಸಿಗೆ ಬೇಕಾದ ಜೆಟ್ಟಿ, ಶಾಮಿಯಾನ, ದೀಪ ಎಲ್ಲಾ ಸರಿಯಾದ ಹೊತ್ತಿಗೆ ಎದ್ದು ನಿಂತವು. ಆಫೀಸಿನಲ್ಲಿ ಒಂದು ಅರ್ಜಿ ಮುಂದಕ್ಕೆ ಹೋಗಲು ತಿಂಗಳುಗಟ್ಟಲೆ ಓಡಾಡಿಸುವವರು ಇವರೇ ಅಲ್ವಾ? ಹೋದ ತಿಂಗಳು ತಿತ್ಲಿ ಚಂಡಮಾರುತ ಶ್ರೀಕಾಕುಳಂ ಕಡೆ ತೆಂಗು, ಮನೆ ಎಲ್ಲಾ ನೆಲಸಮ ಮಾಡಿ ಹೋಯಿತು. ಅಲ್ಲಿಗೆ ಈ ಅವಸರ ಯಾಕೆ ಕಾಣಲಿಲ್ಲ?

ಆಂಧ್ರದ ರಾಜಧಾನಿಯ ಹೆಸರಿನಲ್ಲಿ ಒಂದು ತಂಡವೂ ಓಡಿತು, ಅಮರಾವತಿ ತಂಡ. ಓಡಿಸಿದವರು ಸ್ವೀಡನ್ನಿನವರು. ಚೆನ್ನಾಗಿಯೇ ಓಡಿಸುತ್ತಾರೆ, ಅವರ ತಪ್ಪೇನೂ ಇಲ್ಲ. ಆದರೆ ಇದೇ ನದಿಯಲ್ಲಿ ಹುಟ್ಟಿದಾಗಿನಿಂದ ದೋಣಿ ನಡೆಸುವ ಮೀನುಗಾರರ ಮಕ್ಕಳಿಗೆ ಈ ರೇಸಿನಿಂದ ಏನು ಸಿಕ್ಕಿತು? ರೇಸ್ ಮುಗಿಯುವವರೆಗೆ ಬಲೆ ಹಾಕಬೇಡಿ ಅನ್ನೋ ಮಾತು ಸಿಕ್ಕಿತು, ಅಷ್ಟೇ.

ಇದನ್ನು ಕನ್ನಡ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೀರಿ ಎಂದು ಯಾರಾದರೂ ಕೇಳಬಹುದು. ಆಲಮಟ್ಟಿ, ನಾರಾಯಣಪುರ ದಾಟಿ ಬರುವ ನದಿ ಇದು. ನಮ್ಮ ಕಡೆಯ ಹಿನ್ನೀರು ನೋಡಿದರೂ ನಾಳೆ ಯಾರಿಗಾದರೂ ಇಂಥ ಯೋಚನೆ ಬರಬಹುದು. ಅಲ್ಲಿ ತೆಪ್ಪ ಹತ್ತುವವರಿಗೂ ಲೈಫ್ ಜಾಕೆಟ್ ಇಲ್ಲ.

ರೇಸ್ ಮಾಡುವುದಾದರೆ ಕಾರ್ತಿಕ ಬಿಟ್ಟು ಮಾಡಲಿ. ಇಲ್ಲವಾದರೆ ಬೇರೆ ಕಡೆ ಮಾಡಲಿ. ಪ್ರತಿ ದೋಣಿಯಲ್ಲೂ ಎಲ್ಲರಿಗೂ ಲೈಫ್ ಜಾಕೆಟ್ ಕೊಡಿಸಲಿ, ಫ್ಲೈಓವರ್ ಮುಗಿಸಲಿ, ಸ್ನಾನಕ್ಕೆ ಬಂದವರಿಗೆ ಘಾಟ್ ಬಿಡಲಿ. ಸಂಬಂಧಪಟ್ಟವರು ಯಾರೇ ಇರಲಿ, ಸ್ವಲ್ಪವಾದರೂ ನಾಚಿಕೆ ಬೇಡವೇ? ನೀವೂ ಬರೀ ಫೋಟೋ ಹಾಕಿ ಸುಮ್ನೆ ಕೂರಬೇಡಿ, ಅಧಿಕಾರಿಗಳನ್ನು ಕೇಳಿ ಬರೆಯಿರಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು
ಭವಾನಿಪುರಂ, ವಿಜಯವಾಡ