ಅಲಾಯ್ ವೀಲ್‌ಗೆ ಆಸಿಡ್ ಬೇಡ

ಮಾನ್ಯ ಸಂಪಾದಕರೇ,

ಆಸೆಪಟ್ಟು ಕಾರಿಗೆ ಹಾಕಿಸಿದ ಅಲಾಯ್ ವೀಲ್‌ಗಳು, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳು, ಓಡಾಟಕ್ಕಿಂತ ಹೆಚ್ಚಾಗಿ ತಪ್ಪು ತೊಳೆತದಿಂದಲೇ ಹಾಳಾಗುತ್ತಿವೆ. ಬೇಗ ಹೊಳಪು ಬರಲೆಂದು ಕೆಲವರು ಆಸಿಡ್ ಬೆರೆತ ದ್ರಾವಣ ಸಿಂಪಡಿಸುತ್ತಾರೆ. ಮೊದಲ ದಿನ ಚಕ್ರ ಫಳಫಳ ಹೊಳೆಯುವುದು ನಿಜ. ಆದರೆ ಲೋಹವನ್ನು ಕಾಯುವ ಪಾರದರ್ಶಕ ಮೇಲ್ಪದರವಾದ ಲ್ಯಾಕರ್ ಮೇಲೆ ಕಲ್ಲು ಸಿಡಿದೋ, ಫುಟ್‌ಪಾತ್ ಅಂಚು ಉಜ್ಜಿಯೋ ಆದ ಸಣ್ಣ ಗಾಯವಿದ್ದರೂ ಸಾಕು, ಆಸಿಡ್ ಒಳಗಿಳಿದು ಅಲ್ಯೂಮಿನಿಯಂ ತಿನ್ನತೊಡಗುತ್ತದೆ. ಬರಬರುತ್ತಾ ಲ್ಯಾಕರಿನ ಅಡಿಯಲ್ಲಿ ಹುಳ ಹರಿದಂತೆ ಬಿಳಿ ಗೆರೆಗಳು ಮೂಡುತ್ತವೆ. ಅವು ಯಾವ ಪಾಲಿಶ್‌ಗೂ ಹೋಗವು. ಪದರ ಕಿತ್ತು ಹೊಸದಾಗಿ ಬಳಿಸಬೇಕು. ಮುಖವನ್ನು ಯಂತ್ರದಲ್ಲಿ ಕೆತ್ತಿ ಹೊಳಪಿಸಿದ ಡೈಮಂಡ್ ಕಟ್ ಚಕ್ರವಾದರೆ ಲೇತ್ ಯಂತ್ರದಲ್ಲಿ ಮತ್ತೆ ಕೆತ್ತಬೇಕು. ಪ್ರತಿ ಸಲವೂ ಲೋಹ ಸವೆಯುವುದರಿಂದ ಅದನ್ನು ಪದೇ ಪದೇ ಮಾಡಿಸಲಾಗದು.

ಮೊದಲು ಮೇಲ್ಮೈ ಯಾವುದೆಂದು ತಿಳಿಯಬೇಕು. ಚಕ್ರದ ಮರೆಯ ಜಾಗದಲ್ಲಿ ಒಂದು ತೊಟ್ಟು ಮೆಟಲ್ ಪಾಲಿಶ್ ಹಚ್ಚಿ ಬಿಳಿ ಬಟ್ಟೆಯಿಂದ ಮೆಲ್ಲಗೆ ಉಜ್ಜಿ. ಬಟ್ಟೆ ಕಪ್ಪಾದರೆ ಬರಿ ಅಲ್ಯೂಮಿನಿಯಂ. ಆಗದಿದ್ದರೆ ಮೇಲೆ ಲ್ಯಾಕರ್ ಇದೆ ಎನ್ನಬಹುದು. ಬರಿ ಅಲ್ಯೂಮಿನಿಯಂಗೆ ಆಸಿಡ್ಡಿನಷ್ಟೇ ಕಾಸ್ಟಿಕ್ ಸೋಡಾ ಇರುವ ಕ್ಲೀನರ್ ಕೂಡ ಶತ್ರು. ಲ್ಯಾಕರ್ ಇದ್ದ ಕಡೆ ಮೆಟಲ್ ಪಾಲಿಶ್ ಉಜ್ಜಿದರೆ ಹೊಳಪು ಮಂಕಾಗುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಯಾವ ಪಾಲಿಶ್ಶೂ ಬೇಡ.

ಚಕ್ರಕ್ಕೆ ಅಂಟುವ ಕಂದು ಪುಡಿ ಬರೀ ಧೂಳಲ್ಲ. ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್‌ನಿಂದ ಕಾದು ಹಾರುವ ಕಬ್ಬಿಣದ ಕಣಗಳು ಲ್ಯಾಕರಿಗೆ ಕಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತವೆ. ಶಾಂಪೂ ಅದನ್ನು ಬಿಡಿಸಲಾರದು. ಚಕ್ರ ಪೂರ್ತಿ ತಣ್ಣಗಾದ ಮೇಲೆ, ನೆರಳಿನಲ್ಲಿ, ನೀರು ಹಾಯಿಸಿ ಮಣ್ಣು ಬಿಡಿಸಿ. ನಂತರ ಪಿಎಚ್ 7ರ ಆಸುಪಾಸಿನ, ಅಂದರೆ ಆಸಿಡ್ಡೂ ಕ್ಷಾರವೂ ಅಲ್ಲದ, ಐರನ್ ರಿಮೂವರ್ (ಕಬ್ಬಿಣದ ಕಣ ಬಿಡಿಸುವ ದ್ರಾವಣ) ಸಿಂಪಡಿಸಿದರೆ ಕಣಗಳಿದ್ದಲ್ಲೆಲ್ಲ ನೇರಳೆ ಬಣ್ಣ ಒಸರುತ್ತದೆ. ಸಾಮಾನ್ಯವಾಗಿ 3ರಿಂದ 5 ನಿಮಿಷ ಸಾಕು. ಒಣಗಲು ಮಾತ್ರ ಬಿಡಬೇಡಿ, ಕಲೆ ನಿಲ್ಲುತ್ತದೆ. ಒಂದು ಚಕ್ರ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಮೆದು ಬ್ರಷ್‌ನಿಂದ ಕಡ್ಡಿಗಳ ಹಿಂಬದಿ, ನಟ್ಟಿನ ಗುಳಿಗಳನ್ನೂ ತಿಕ್ಕಿ, ಧಾರಾಳ ನೀರಲ್ಲಿ ತೊಳೆಯಿರಿ. ಈ ಬಕೆಟ್, ಬ್ರಷ್, ಬಟ್ಟೆ ಕಾರಿನ ಮೈಗೆ ತಾಕಬಾರದು; ಸಿಕ್ಕಿಕೊಂಡ ಒಂದು ಕಣ ಸಾಕು ಬಣ್ಣ ಗೀರಲು. ಚಕ್ರ ಸಮವಾಗಿ ತಿರುಗಲೆಂದು ಒಳಬದಿಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕಗಳ ಮೇಲೆ ಪ್ರೆಷರ್ ನೀರನ್ನು ಹತ್ತಿರದಿಂದ ಬಿಡಬೇಡಿ. ತೂಕ ಕಳಚಿದರೆ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ.

ಪೂರ್ತಿ ಒಣಗಿದ ಮೇಲೆ ಕಾಪಿನ ಪದರವಾಗಿ ವೀಲ್ ಸೀಲೆಂಟ್ ಅಥವಾ ಸೆರಾಮಿಕ್ ಕೋಟಿಂಗ್ ಹಚ್ಚಬಹುದು. ಮುಂದೆ ಅಂಟುವ ಪುಡಿ ಬಹುಮಟ್ಟಿಗೆ ಶಾಂಪೂವಿಗೇ ಬಿಡುತ್ತದೆ. ಸಾಧಾರಣ ಮೇಣ ಬ್ರೇಕಿನ ಕಾವಿಗೆ ಹೆಚ್ಚು ದಿನ ನಿಲ್ಲುವುದಿಲ್ಲ. ಕೋಟಿಂಗ್ ಯಾವುದೇ ಇರಲಿ, ನಟ್ಟು ಕೂರುವ ಜಾಗಕ್ಕೂ ಹಬ್‌ಗೆ (ಚಕ್ರವನ್ನು ಕೂರಿಸುವ ನಡುಭಾಗಕ್ಕೆ) ತಾಗುವ ಹಿಂಬದಿಗೂ ಹಚ್ಚಲೇಬಾರದು, ಬಿಗಿತ ತಪ್ಪುತ್ತದೆ. ಚಕ್ರ ಬಿಚ್ಚಿದ್ದರೆ ನಟ್ಟುಗಳನ್ನು ಎದುರುಬದುರಾಗಿ, ಕೈಪಿಡಿಯ ಅಳತೆಗೆ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಬಿಗಿತವನ್ನು ಇನ್ನೊಮ್ಮೆ ನೋಡಿ.

ಚಕ್ರ ಮಾರುವವರು ಅದರ ಮೇಲ್ಪದರ ಯಾವುದು, ಯಾವ ರಾಸಾಯನಿಕ ಕೂಡದು ಎಂಬುದನ್ನು ಬಿಲ್ಲಿನ ಮೇಲೇ ಬರೆದುಕೊಡಲಿ. ಕೊಳ್ಳುವವರೂ ಅದನ್ನು ಕೇಳಿ ಪಡೆಯಲಿ, ತೊಳೆಯಲು ಬಿಡುವಾಗ ತೋರಿಸಲಿ.

ಇತಿ,
ಓರ್ವ ಓದುಗ