ಹಸಿದವರನ್ನು ಸಂಜೆವರೆಗೆ ಕೂರಿಸಬೇಕಿತ್ತಾ?

ಮಾನ್ಯ ಸಂಪಾದಕರೇ,

ಆಪರೇಷನ್‌ಗಳು ಮುಂದಕ್ಕೆ ಹೋಗುತ್ತಿರುವ ಬಗ್ಗೆ ಸೋಮವಾರ ನಿಮ್ಮಲ್ಲಿ ಬಂದ ವರದಿ ಓದಿದೆ. ‘ರೋಗಿಗಳಿಗೆ ತೊಂದರೆ’ ಎಂದು ಅದರಲ್ಲಿ ಒಂದೇ ಸಾಲಿದೆ. ಮರುದಿನವೇ ಆ ತೊಂದರೆ ನಮ್ಮ ಮನೆಗೆ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವ್ವನಿಗೆ ಪಿತ್ತಕೋಶದಲ್ಲಿ ಹರಳು. ಜೊತೆಗೆ ಶುಗರ್ ಬೇರೆ. ನಗರದ ಆಸ್ಪತ್ರೆಯೊಂದರಲ್ಲಿ ಮಂಗಳವಾರ ಆಪರೇಷನ್ ಅಂದರು. ರಾತ್ರಿ ಹತ್ತರ ನಂತರ ಏನೂ ತಿನ್ನಬಾರದು, ನೀರೂ ಕುಡಿಯಬಾರದು ಅಂದರು. ಹಾಗೇ ಮಾಡಿದೆವು. ಬೆಳಿಗ್ಗೆ ಆರಕ್ಕೆ ಹಸಿರು ಗೌನ್ ಹಾಕಿಸಿ ಕೂರಿಸಿದರು. ಕೈಬಳೆ ತೆಗೆಯಿರಿ ಎಂದರು. ಅವ್ವನ ಗಾಜಿನ ಬಳೆ ಬಿಗಿಯಾಗಿದ್ದವು, ಸೋಪು ಹಚ್ಚಿದರೂ ಬರಲಿಲ್ಲ. ಕೊನೆಗೆ ಅಕ್ಕ ಒಂದೊಂದೇ ಒಡೆದು ತೆಗೆದಳು. ತಾಳಿಯನ್ನು ಕರವಸ್ತ್ರದಲ್ಲಿ ಕಟ್ಟಿ ನನ್ನ ಜೇಬಿಗಿಟ್ಟರು. ಅಪ್ಪ ಅದನ್ನು ನೋಡಲಾರದೆ ಎದ್ದು ಹೊರಗೆ ಹೋದರು.

ಆಮೇಲೆ ಕಾಯುವುದು ಶುರುವಾಯಿತು. ಎಂಟಾಯಿತು, ಹತ್ತಾಯಿತು, ಹನ್ನೆರಡಾಯಿತು. ಕೇಳಿದಾಗೆಲ್ಲ ‘ಡಾಕ್ಟರ್ ಬರ್ತಾರ್ರಿ, ಕೂಡ್ರಿ’ ಎಂಬ ಒಂದೇ ಉತ್ತರ. ಕಲಬುರಗಿಯ ಈ ಬಿಸಿಲಲ್ಲಿ ವರಾಂಡದ ಫ್ಯಾನೂ ತಿರುಗುತ್ತಿರಲಿಲ್ಲ. ನಡುವೆ ರೇಷನ್ ಕಾರ್ಡಿನ ಝೆರಾಕ್ಸ್ ಬೇಕೆಂದು ಮೂರು ಸಲ ಓಡಿಸಿದರು. ಬೆಳಿಗ್ಗೆ ಕೊಟ್ಟದ್ದು ಎಲ್ಲಿ ಹೋಯಿತೋ! ಊರಿಂದ ಭಾವ ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಂಡು ಬಂದಿದ್ದರು. ಅವ್ವ ಹಸಿದು ಕೂತಿರುವಾಗ ಅವಳ ಮುಂದೆ ಬುತ್ತಿ ಬಿಚ್ಚಲು ಯಾರಿಗೆ ಮನಸ್ಸು ಬರುತ್ತದೆ? ಮಧ್ಯಾಹ್ನ ಎರಡಕ್ಕೆ ಅವ್ವ ಬೆವೆತುಕೊಂಡಳು, ಕೈ ನಡುಗತೊಡಗಿತು. ‘ಯಪ್ಪಾ, ಒಂದು ಗುಟುಕು ನೀರಾದ್ರೂ ಕೊಡೋ’ ಎಂದಳು. ನಾನು ಕೊಡಲಿಲ್ಲ. ಕೊಟ್ಟರೆ ಆಪರೇಷನ್ ನಿಂತೀತು ಎಂಬ ಭಯ. ಕೂಗಾಡಿದ ಮೇಲೆ ನರ್ಸ್ ಬಂದು ಗ್ಲುಕೋಸ್ ಹಾಕಿದರು.

ನಾಲ್ಕಕ್ಕೆ ಬಂದು ಹೇಳಿದ್ದೇನು? ‘ಅರಿವಳಿಕೆ ಡಾಕ್ಟರ್ ಇಲ್ಲರಿ, ಮುಂದಿನ ಮಂಗಳವಾರ ಬರ್ರಿ.’ ಆ ಡಾಕ್ಟರ್ ಇಲ್ಲ ಅನ್ನುವುದು ಬೆಳಿಗ್ಗೆ ಗೊತ್ತಿರಲಿಲ್ವಾ? ನಮ್ಮ ಹಾಗೆ ಇನ್ನೂ ಐದು ಮನೆಯವರು ಅಲ್ಲಿದ್ದರು. ಒಬ್ಬರು ಚಿಂಚೋಳಿ ಕಡೆಯವರು, ಎರಡು ದಿನದ ಕೂಲಿ ಬಿಟ್ಟು ಬಂದವರು.

ಪರಿಚಯದ ಡಾಕ್ಟರನ್ನು ಆಮೇಲೆ ವಿಚಾರಿಸಿದೆ. ಸಾಮಾನ್ಯವಾಗಿ ಊಟ ಬಿಟ್ಟು ಆರು ಗಂಟೆ, ಬರೀ ನೀರಾದರೆ ಎರಡು ಗಂಟೆ ಕಳೆದರೆ ಸಾಕಂತೆ. ಶುಗರ್ ಇದ್ದವರ ಹೆಸರನ್ನು ಪಟ್ಟಿಯಲ್ಲಿ ಮೊದಲು ಹಾಕುವುದು ರೂಢಿಯಂತೆ. ಹಾಗಾದರೆ ನಮ್ಮವ್ವ ಹದಿನೆಂಟು ಗಂಟೆ ಒಣಗಿದ್ದು ಯಾರ ತಪ್ಪಿಗೆ? ಆಯುಷ್ಮಾನ್ ಕಾರ್ಡಿನಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು ಹೇಳುತ್ತಾರೆ. ಡಾಕ್ಟರೇ ಇಲ್ಲದಿದ್ದರೆ ಕಾರ್ಡ್ ಇಟ್ಟುಕೊಂಡು ಏನು ಮಾಡುವುದು?

ಈ ಭಾಗದವರೆಂದರೆ ಅಧಿಕಾರಿಗಳಿಗೆ ಮೊದಲಿಂದಲೂ ಸದರ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಬದಲಾಗಿ ಕಲ್ಯಾಣ ಕರ್ನಾಟಕವೂ ಆಯಿತು. ಇವತ್ತಿಗೂ ಕಾಯಿಲೆ ಜಾಸ್ತಿಯಾದರೆ ನಮ್ಮ ಜನ ಸೊಲ್ಲಾಪುರ, ಹೈದರಾಬಾದ್ ಅಂತ ಓಡುತ್ತಾರೆ. ನಮ್ಮ ಓಣಿಯ ಚರಂಡಿ ವಿಷಯಕ್ಕೆ ನಾನೇ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಸಾಹೇಬರು ಬದಲಾದರು, ಚರಂಡಿ ಹಾಗೇ ಇದೆ. ಮಂತ್ರಿ ಬರುತ್ತಾರೆಂದರೆ ಮಾತ್ರ ರಾತ್ರೋರಾತ್ರಿ ರಸ್ತೆಗುಂಡಿ ಮುಚ್ಚುತ್ತಾರೆ. ನೆನೆದರೆ ಹೊಟ್ಟೆ ಉರಿಯುತ್ತದೆ.

ಸಂಬಂಧಪಟ್ಟವರು ಕೂಡಲೇ ಕಣ್ಣು ತೆರೆಯಬೇಕು. ಖಾಲಿ ಇರುವ ಡಾಕ್ಟರ್ ಹುದ್ದೆ ತುಂಬಬೇಕು. ಅದಾಗದಿದ್ದರೆ ಆಪರೇಷನ್ ಇಲ್ಲವೆಂದು ಬೆಳಿಗ್ಗೆ ಎಂಟರೊಳಗೆ ಬಾಯಿಬಿಟ್ಟು ಹೇಳಲಿ, ಹಸಿದವರು ಒಂದು ಲೋಟ ಚಹಾ ಆದರೂ ಕುಡಿದಾರು. ತಪ್ಪು ಮಾಡಿದವರ ಮೇಲೆ ಕ್ರಮ ಆಗಲೇಬೇಕು. ಆ ಫ್ಯಾನನ್ನೂ ರಿಪೇರಿ ಮಾಡಿಸಿ. ಮುಂದಿನ ಮಂಗಳವಾರ ನಾವು ಮತ್ತೆ ಅಲ್ಲೇ ಕೂರಬೇಕು.

— ನೊಂದ ಓದುಗ, ಆಳಂದ ರಸ್ತೆ, ಕಲಬುರಗಿ