ನಾಯಿ ತರೋ ಮೊದಲ ಇಷ್ಟು ಕೇಳು ಮಗಾ
ಬೀದರ್

ಚಿ. ಮಗನಿಗಿ ನಿಮ್ಮ ದೊಡ್ಡಪ್ಪನ ಆಶೀರ್ವಾದ.

ನಾವು ಕ್ಷೇಮ. ಕಲಬುರಗಿ ಮನಿಗಿ ಆಶ್ರಯಧಾಮದಿಂದ ನಾಯಿ ತರ್ತೀನಂತ ಹೇಳಿದಿ, ಕೇಳಿ ಭಾಳ ಖುಷಿ ಆಯ್ತು. ಫೋನಿನ್ಯಾಗ ಎಲ್ಲಾ ಹೇಳಾಕ ಆಗಲಿಲ್ಲ, ಅದಕ್ಕ ಬರೀಲಾಕತ್ತೀನಿ.

ನಾ ತಂದ ಕೆಂದ ನಾಯಿ ನಿನಗ ನೆನಪಿರಬೇಕು. ಬಂದ ದಿನಾನೇ ಜ್ವಾಳದ ಚೀಲದ ಹಿಂದ ಹೋಗಿ ಕುಂತಿತು. ಎರಡು ದಿನ ರೊಟ್ಟಿ ಮೂಸಲಿಲ್ಲ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಲೊಚಲೊಚ ನೀರು ಕುಡ್ಯೋ ಸಪ್ಪಳ ಕೇಳ್ತಿತ್ತು, ನಾ ಮಗ್ಗಲು ಹೊಳ್ಳಿದ್ರ ಸಪ್ಪಳ ಬಂದ್. ಮೂರನೇ ದಿನ ತಾಳ್ಮಿ ತಪ್ಪಿ ಕೊಳ್ಳಪಟ್ಟಿ ಹಿಡದು ಎಳದೆ. ಹೆಬ್ಬಟ್ಟಿನ ಬುಡಕ್ಕ ಕಚ್ಚಿತು. ತಪ್ಪು ಪೂರಾ ನಂದೇ. ಗಾಯಕ್ಕ ಸಾಬೂನು ಹಚ್ಚಿ 15 ನಿಮಿಷ ಹರಿಯೋ ನೀರಾಗ ತೊಳದು, ದವಾಖಾನಿಗಿ ಹೋಗಿ ಸೂಜಿ ಮಾಡಿಸಿಕೊಂಡೆ. ನೀನೂ ಹಂಗೇ ಮಾಡಬೇಕು. ಅರಿಷಿಣ, ಖಾರ ಹಚ್ಚಿ ಮನ್ಯಾಗ ಕುಂದರಬ್ಯಾಡ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಂಡ್ರ ಜೀವ ಉಳಸೋದು ಹೆಚ್ಚೂಕಡಿಮಿ ಆಗಲಾರದ ಮಾತು.

ಅದಕ್ಕ ಒಂದೇ ಸಲ ನೋಡಿ ಹೂಂ ಅನಬ್ಯಾಡ. ಮೂರು ನಾಕು ಸಲ ಹೋಗು. ಹತ್ರ ಸುಮ್ಮನ ಕುಂದರು, ತಾನೇ ಬಂದು ಮೂಸೂತನಕ ಕೈ ಚಾಚಬ್ಯಾಡ. ಅಲ್ಲಿ ದಿನಾ ಊಟ ಹಾಕೋರಿಗಿ ಕೇಳು: ಏನು ಕಂಡ್ರ ಅಂಜ್ತದ, ಕೋಲೋ, ಗಾಡಿ ಸಪ್ಪಳೋ, ಸಣ್ಣ ಹುಡುಗರೋ? ಉಣ್ಣೋವಾಗ ಬಾಜು ಹೋದ್ರ ಗುರ್ ಅಂತದೇನು? ಇವರು ಹೇಳೋ ಮಾತು ಯಾವ ಕಾಗದದಾಗೂ ಇರಂಗಿಲ್ಲ. ಆಯಿನ್ನೂ ಒಮ್ಮೆ ಕರ್ಕೊಂಡು ಹೋಗು. ಜಿಗಿಯೋ ನಾಯಿ ಆಕಿ ಕಾಲಾಗ ಬಂದ್ರ ಬೀಳ್ತಾಳ. ಮನಿ ಮಾಲಕರ ಒಪ್ಪಿಗಿ ಮೊದಲೇ ತಗೋ.

ಕಾಗದ ನೋಡ್ಲಿಕ್ಕೇ ಬೇಕು. ರೇಬೀಸ್ ಸೂಜಿ ಮರಿಗಿ ಮೂರು ತಿಂಗಳು ತುಂಬಿದಾಗ ಶುರು, ಆಮ್ಯಾಲ ವರ್ಷಾ ವರ್ಷಾ. ಪಾರ್ವೊ, ಡಿಸ್ಟೆಂಪರ್ ಅಂತ ನಾಯಿಗಿ ಬರೋ ಅಂಟುರೋಗದ ಸೂಜಿ ಆಗ್ಯಾವೇನು, ಜಂತಿನ ಗುಳಿಗಿ ಯಾವಾಗ ಕೊಟ್ಟಾರ, ಕೇಳು. ಕಿವಿ ತುದಿ ಕತ್ತರಿಸಿದ್ದು ಕಂಡ್ರ ಗಾಬರಿ ಆಗಬ್ಯಾಡ, ಸಂತಾನಹರಣ ಆಪರೇಶನ್ ಆದ ಗುರುತದು. ಮರಿ ತಂದ್ರ ಪಾರ್ವೊದ್ದೇ ಅಂಜಿಕಿ. ಅಲ್ಲಿ ಕುಣ್ಯೋ ಮರಿ ವಾರದೊಳಗ ಮನ್ಯಾಗ ಮಕಾಡೆ ಬೀಳಬಹುದು. ವಾಂತಿ, ರಕ್ತಭೇದಿ ಕಂಡ್ರ ಬೆಳಗಾಗೂತನ ಕಾಯಬ್ಯಾಡ, ಹಂಗೇ ಡಾಕ್ಟರ ಬಲ್ಲಿ ಓಡು. ನಿಧಾನಕ್ಕ ತೋರಿಸೋ ದೊಡ್ಡ ಬ್ಯಾನಿ ಇದ್ರ ಇಲ್ಲಿ ನಂದಿನಗರದ ಪಶುವೈದ್ಯ ಕಾಲೇಜಿಗಿ ತಗೊಂಡು ಬಾ, ನಮ್ಮ ಮನ್ಯಾಗ ಇಳಕೋ.

ನನಗ ಎಲ್ಲಕ್ಕಿಂತ ದೊಡ್ಡ ಚಿಂತಿ ನಿಮ್ಮೂರ ಬಿಸಲಿಂದು. ಏಪ್ರಿಲ್, ಮೇದಾಗ 40 ಡಿಗ್ರಿ ದಾಟ್ತದ. ನಾಯಿಗಿ ನಮ್ಮಂಗ ಮೈಯೆಲ್ಲಾ ಬೆವರಂಗಿಲ್ಲ, ನಾಲಗಿ ಚಾಚಿ ತೇಕೇ ತಂಪಾಗಬೇಕು. ಮಾಳಗಿ ಮ್ಯಾಲ ಕಟ್ಟಿದ್ರ ಕೊಂದಂಗ. ಡಾಂಬರ್ ಮ್ಯಾಲ ನಿನ್ನ ಅಂಗೈ ಹಿಂಭಾಗ ಇಟ್ಟು ಏಳು ಎಣಿಸು. ತಡ್ಯಾಕ ಆಗಲಿಲ್ಲಂದ್ರ ಅದರ ಪಾದಾನೂ ಸುಡ್ತಾವ. ನೆರಳಾಗ ಶಹಾಬಾದ್ ಕಲ್ಲಿನ ನೆಲ, ದೊಡ್ಡ ಬೋಗಾಣಿ ನೀರು ಇದ್ರ ಸಾಕು. ಕಿವಿ ಒಳಗ, ಬೆರಳ ಸಂದಿನ್ಯಾಗ ದಿನಾ ಉಣ್ಣಿ ಹುಡುಕು. ಊಟ ಬಿಟ್ಟು, ವಸಡು ಬೆಳ್ಳಗಾಗಿದ್ರ ಉಣ್ಣಿ ಜ್ವರ ಇರಬಹುದು.

ರೊಟ್ಟಿ, ಬೇಯಿಸಿದ ತತ್ತಿ ನಡೀತದ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಮಣೂಕ, ಚಾಕಲೇಟ್ ಬಾಯಿಗಿ ಹತ್ತಗೊಡಬ್ಯಾಡ.

ದೀಪಾವಳಿ ಪಟಾಕಿ ಹೊತ್ತಿನ್ಯಾಗ ಮಾತ್ರ ತರಬ್ಯಾಡ. ವಾರ ರಜಾ ಹಾಕು. ಅಲ್ಲಿ ಅದು ಮಲಗೋ ಅರಿವಿ ತುಂಡೊಂದು ಕೇಳಿ ತಗೋ, ಹೊಸ ಮನ್ಯಾಗ ಆ ವಾಸನಿನೇ ಅದಕ್ಕ ಗುರ್ತಿಂದು. ಮೂಲ್ಯಾಗ ಹಾಸಿ, ನೀ ನಿನ್ನ ಕೆಲಸ ಮಾಡ್ತಿರು. ನನ್ನ ಕೆಂದ ನಾಯಿ ತಾನಾಗೇ ಹೊರಗ ಬಂದು ನನ್ನ ಚಪ್ಪಲ್ ಮ್ಯಾಲ ಗದ್ದ ಊರಾಕ ಮೂರು ವಾರ ಹಿಡೀತು.

ಮೊದಲ ಸಲ ನೋಡಾಕ ಹೋಗೋ ದಿನ ತಿಳಸು. ರವಿವಾರ ಇದ್ರ ಮುಂಜಾನಿ ಬಸ್ಸಿಗಿ ಬರ್ತೀನಿ, ಕೂಡೇ ಹೋಗೋಣ.

ನಿಮ್ಮ ದೊಡ್ಡಪ್ಪ